ಇನ್ನೊಂದು ನಾಲ್ಕು ದಿನ ಇದ್ದು ಹೋಗಿ

ಕಂಡಕ್ಟರತ್ತೆ ತಮ್ಮ ಸರ್ವಿಸಿನಲ್ಲಿ ಟಿಕೆಟ್ ಇಲ್ಲದೆ ಬಸ್ಸು ಹತ್ತಿದವರನ್ನು ಎಷ್ಟು ಸಲ ಹಿಡಿದಿದ್ದಾರೋ ಅವರಿಗೇ ನೆನಪಿಲ್ಲ. ಅಂಥವರ ಮೇಲೆ ಅವರಿಗೆ ಅಷ್ಟೇನೂ ಸಿಟ್ಟಿರಲಿಲ್ಲ. ಕಳ್ಳ ಕಳ್ಳನೇ, ಸಿಕ್ಕಿಬಿದ್ದರೆ ದಂಡ ಕಟ್ಟುತ್ತಾನೆ, ಅಲ್ಲಿಗೆ ಮುಗಿಯಿತು. ಅವರ ಮೈ ಉರಿಯುತ್ತಿದ್ದದ್ದು ಒಂದು ಸ್ಟೇಜಿಗೆ ಟಿಕೆಟ್ ತೆಗೆದುಕೊಂಡು, ಆ ಸ್ಟೇಜು ಬಂದಾಗ ಕಿಟಕಿಯಾಚೆ ನೋಡುತ್ತಾ, ಇಲ್ಲದ ನಿದ್ದೆಯನ್ನು ಕಣ್ಣಿಗೆ ತಂದುಕೊಂಡು ಮುಂದಿನ ಸ್ಟೇಜಿನವರೆಗೂ ಕೂರುವ ಸಭ್ಯಸ್ಥರನ್ನು ಕಂಡರೆ. "ನಿಮ್ಮ ಟಿಕೆಟ್ ಆಗ್ಲೇ ಇಳಿದು ಹೋಯ್ತಲ್ಲ ಸ್ವಾಮಿ, ನೀವ್ಯಾಕೆ ಇನ್ನೂ ಕೂತಿದ್ದೀರಿ?" ಅಂತ ಅವರು ಕೇಳಿದರೆ ಇಡೀ ಬಸ್ಸು ನಗುತ್ತಿತ್ತು.

ಅಂಥ ಕಂಡಕ್ಟರತ್ತೆ ಪರದೇಶಕ್ಕೆ ಹೋಗಿ, ವೀಸಾ ಮುಗಿದು ತಿಂಗಳುಗಳು ಕಳೆದ ಮೇಲೂ ಅಲ್ಲೇ ಕೂತಿದ್ದರು ಅಂದರೆ ಯಾರಾದರೂ ನಂಬುತ್ತಾರೆಯೇ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಆದರೆ ಇದರಲ್ಲಿ ಕಳ್ಳತನ ಇರಲಿಲ್ಲ, ದುರಾಸೆಯೂ ಇರಲಿಲ್ಲ. ಇದ್ದದ್ದು ಬರೀ ಮರ್ಯಾದೆ. ನಮ್ಮ ಜನ ದುಡ್ಡಿಗಾಗಿ ಕೆಟ್ಟದ್ದಕ್ಕಿಂತ ಮರ್ಯಾದೆಗಾಗಿ ಕೆಟ್ಟದ್ದೇ ಹೆಚ್ಚು.

ಅವರನ್ನು ಕರೆಸಿಕೊಂಡವಳು ಅವರ ತಮ್ಮನ ಮಗಳು ಪುಟ್ಟಿ. ಕಂಡಕ್ಟರತ್ತೆ ಎಂಬ ಹೆಸರಿಟ್ಟವಳೂ ಅವಳೇ, ಮೂರು ವರ್ಷದವಳಿದ್ದಾಗ. ಈಗ ಆ ಪುಟ್ಟಿ ಪರದೇಶದ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ಕೂರಿಸುವ ಕೆಲಸದಲ್ಲಿದ್ದಳು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಊರಿನ ಲಿಫ್ಟನ್ನೆಲ್ಲ ಸರಿಮಾಡಿ ಬರುವ ಈ ಅಳಿಯನ ಸ್ವಂತ ಮನೆ ಇದ್ದದ್ದು ನಾಲ್ಕನೆಯ ಮಹಡಿಯಲ್ಲಿ, ಆ ಕಟ್ಟಡದ ಲಿಫ್ಟು ಮಾತ್ರ ಕೆಟ್ಟು ಯಾವ ಕಾಲವಾಗಿತ್ತೋ. ಬೇರೆ ಕಂಪನಿಯ ಲಿಫ್ಟು, ತಾನು ಮುಟ್ಟಿದರೆ ಸರಿಯಲ್ಲ ಅಂತ ಅವನು ದಿನಾ ಮೆಟ್ಟಿಲು ಹತ್ತುತ್ತಿದ್ದ. ಅಷ್ಟು ಸಂಕೋಚದ ಮನುಷ್ಯ. ಪುಟ್ಟಿಗೆ ಅವಳಿ ಮಕ್ಕಳಾದಾಗ, ಎರಡನ್ನೂ ಎತ್ತಿಕೊಳ್ಳಲು ಎರಡು ಜೊತೆ ಕೈ ಸಾಲದೆ, ಸರ್ವಿಸ್ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂರಲಾರದೆ ಕೂತಿದ್ದ ಅತ್ತೆಯನ್ನು ಕರೆಸಿಕೊಂಡರು. ವಾಪಸ್ಸಿನ ಟಿಕೆಟ್ಟಿಗೆ ದಿನ ಹಾಕಿಸಲಿಲ್ಲ. ಬರುವ ನೆಂಟರಿಗೆ ಹೋಗುವ ದಿನವನ್ನು ಬರೆದು ಕೊಡುವುದುಂಟೇ?

ಅತ್ತೆ ಬಂದು ಮನೆಯನ್ನು ಡಿಪೋ ಮಾಡಿಬಿಟ್ಟರು. ಹಾಲಿಗೊಂದು ಹೊತ್ತು, ಸ್ನಾನಕ್ಕೊಂದು ಹೊತ್ತು, ನಿದ್ದೆಗೊಂದು ಹೊತ್ತು. ಅವಳಿಗಳಲ್ಲಿ ಹುಡುಗಿ ಎಲ್ಲಿ ಇಟ್ಟರೆ ಅಲ್ಲಿ ಗಂಭೀರವಾಗಿ ಕೂರುವವಳು, ಅವಳಿಗೆ 'ಸೀಟು' ಅಂತ ಹೆಸರಾಯಿತು. ಹುಡುಗ ಹೆಗಲ ಮೇಲೆ ನೆಟ್ಟಗೆ ನಿಲ್ಲಿಸಿಕೊಳ್ಳದಿದ್ದರೆ ಮನೆ ಹಾರಿಹೋಗುವ ಹಾಗೆ ಕಿರುಚುವವನು, ಅವನು 'ಸ್ಟ್ಯಾಂಡಿಂಗು'. ಇಟ್ಟ ಒಳ್ಳೆಯ ಹೆಸರುಗಳು ಆಸ್ಪತ್ರೆಯ ಕಾಗದದಲ್ಲೇ ಉಳಿದವು.

ವಿಮಾನ ಇಳಿದ ದಿನ ಪಾಸ್‌ಪೋರ್ಟಿಗೆ ಒತ್ತಿದ ಮುದ್ರೆಯ ಪ್ರಕಾರ ಅತ್ತೆ ಇರಬಹುದಾಗಿದ್ದದ್ದು ಆರು ತಿಂಗಳು. ಅದು ಅತ್ತೆಗೆ ಚೆನ್ನಾಗಿಯೇ ಗೊತ್ತಿತ್ತು. ಸಮಯ ಹತ್ತಿರವಾದಾಗ ಅವರು ಮಕ್ಕಳ ಬಟ್ಟೆ ಮಡಚುತ್ತಾ ಮಾತು ತೆಗೆದರು.

"ಪುಟ್ಟೀ, ನನಗೆ ಕೊಟ್ಟ ಟೈಮು ಮುಗೀತಾ ಬಂತು ಕಣೇ. ಇನ್ನು ಹೊರಡ್ತೀನಿ."

"ಏನತ್ತೆ ಅವಸರ? ಇನ್ನೊಂದು ನಾಲ್ಕು ದಿನ ಇದ್ದು ಹೋಗಿ."

"ಇಲ್ಲಮ್ಮ, ಎಷ್ಟು ದಿನಾಂತ ಇರೋದು?"

"ಯಾಕೆ, ನಮ್ಮನೆ ಬೇಜಾರಾಯ್ತಾ?"

"ಛೆ ಛೆ, ಬಿಡ್ತು ಅನ್ನು!"

ಅಲ್ಲಿಗೆ ಮುಗಿಯಿತು. ಬೇಜಾರಾಯ್ತಾ ಅಂತ ಕೇಳಿಸಿಕೊಂಡ ಮೇಲೂ ಚೀಲ ಎತ್ತಿಕೊಂಡು ಹೊರಡುವ ನೆಂಟರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಈಗ ಮೂವರೂ ಏನೇನು ಅಂದುಕೊಂಡರು ಕೇಳಿ. ಅತ್ತೆ ಅಂದುಕೊಂಡರು: ಕಾಗದಪತ್ರ ಎಲ್ಲ ಮಾಡಿಸಿದ್ದು ಅಳಿಯ. ಅಷ್ಟು ಬಾಯಿತುಂಬ ಇರಿ ಅಂತಾರೆ ಅಂದರೆ ಟೈಮನ್ನು ಮುಂದಕ್ಕೆ ಹಾಕಿಸಿರಲೇಬೇಕು. ಹಾಕಿಸಿದಿರಾ ಅಂತ ಬಾಯಿಬಿಟ್ಟು ಕೇಳಿದರೆ ಇನ್ನೂ ಇರೋ ಆಸೆ ಇದೆ ಮುದುಕಿಗೆ ಅಂತ ಆಗುತ್ತದೆ. ಪುಟ್ಟಿ ಅಂದುಕೊಂಡಳು: ಪಾಸ್‌ಪೋರ್ಟು ಅತ್ತೆಯ ಚೀಲದಲ್ಲೇ ಇದೆ. ಊರಿನವರ ಟಿಕೆಟ್ಟೆಲ್ಲ ನೋಡಿದವರಿಗೆ ತಮ್ಮ ಟಿಕೆಟ್ ಎಲ್ಲಿಯವರೆಗೆ ಅಂತ ಗೊತ್ತಿರುವುದಿಲ್ಲವೇ? ನಿಜವಾಗಿ ಹೊರಡಲೇಬೇಕಿದ್ದರೆ ಮೂರನೆಯ ಸಲವೂ ಹೇಳುತ್ತಿದ್ದರು, ಅವರು ಹೇಳಿದ್ದು ಎರಡೇ ಸಲ. ವೀಸಾ ಯಾವಾಗ ಮುಗಿಯುತ್ತೆ ಅಂತ ತಾನು ಕೇಳಿದರೂ ಒಂದೇ, ಯಾವಾಗ ತೊಲಗುತ್ತೀರಿ ಅಂತ ಕೇಳಿದರೂ ಒಂದೇ. ಇನ್ನು ಅಳಿಯ. ಹೆಂಡತಿಯ ತವರಿನವರನ್ನು ಯಾವಾಗ ಹೊರಡುತ್ತಾರೆ ಅಂತ ಕೇಳಿ ಸುಖವಾಗಿ ಬಾಳಿದ ಗಂಡ ಯಾರಿದ್ದಾನೆ? ಆದರೂ ಅವನಿಗೆ ಒಳಗೊಳಗೇ ಅಳುಕು. ಒಂದು ದಿನ ಧೈರ್ಯ ಮಾಡಿ, "ಅತ್ತೆ, ಇಲ್ಲಿಯ ಚಳಿ ನಿಮಗೆ ಒಗ್ಗತ್ತಾ?" ಅಂತ ಕೇಳಿಯೂ ಬಿಟ್ಟ.

"ಒಗ್ಗದೇ ಏನು ಅಳಿಯಂದಿರೇ, ಚೆನ್ನಾಗಿದೆ," ಅಂದರು ಅತ್ತೆ.

ವಿಷಯ ಇತ್ಯರ್ಥವಾಯಿತು ಅಂತ ಅವನು ಕೆಲಸಕ್ಕೆ ಹೋದ.

ಹೀಗೆ ಮುಚ್ಚಟೆಯಿಂದ ತಿಂಗಳುಗಳು ಉರುಳಿದವು. ಸೀಟು ತೆವಳಿದಳು, ಸ್ಟ್ಯಾಂಡಿಂಗು ಹೆಸರಿಗೆ ತಕ್ಕ ಹಾಗೆ ಎಲ್ಲರಿಗಿಂತ ಮೊದಲು ಎದ್ದು ನಿಂತ, ಅತ್ತೆಯ ಸೀರೆಯ ನೆರಿಗೆ ಹಿಡಿದುಕೊಂಡು. ಆ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಒಂದೇ ಕಾಗದಕ್ಕೆ. ಪುಟ್ಟಿಗೂ ಅಳಿಯನಿಗೂ ಆ ದೇಶದಲ್ಲಿ ಕಾಯಂ ಆಗಿ ಇರಲು ಅನುಮತಿ ಇಂದೋ ನಾಳೆಯೋ ಬರಬೇಕಿತ್ತು. ಅದು ಬಂದರೆ ದೊಡ್ಡ ಮನೆ, ಕೆಡದ ಲಿಫ್ಟು, ಮಕ್ಕಳಿಗೆ ಒಳ್ಳೆಯ ಶಾಲೆ. ಬರದಿದ್ದರೆ ಇಬ್ಬರ ಕೆಲಸವೂ ಹೋಗಿ ಎಲ್ಲರೂ ಗಂಟುಮೂಟೆ ಕಟ್ಟಬೇಕು. ಅತ್ತೆ ಅಂಚೆಯ ಡಬ್ಬಿ ನೋಡಲೆಂದೇ ದಿನಾ ನಾಲ್ಕು ಮಹಡಿ ಇಳಿದು ಹತ್ತುತ್ತಿದ್ದರು.

ಒಂದು ಬೆಳಿಗ್ಗೆ ಸ್ಟ್ಯಾಂಡಿಂಗಿಗೆ ಮೂಗು ಕಟ್ಟಿತ್ತು. ಅಂದು ಪುಟ್ಟಿಗೆ ರಜೆ. ಮಕ್ಕಳನ್ನು ಅವಳ ಹತ್ತಿರ ಬಿಟ್ಟು ಅತ್ತೆ ಔಷಧಿ ತರಲು ಬಸ್ಸು ಹತ್ತಿದರು. ಆ ಊರಿನ ಬಸ್ಸಿಗೆ ಕಂಡಕ್ಟರ್ ಇಲ್ಲ. ಜನ ಒಂದು ಕಾರ್ಡನ್ನು ಡಬ್ಬಿಗೆ ತೋರಿಸುತ್ತಾರೆ, ಡಬ್ಬಿ ಕುಂಯ್ ಅನ್ನುತ್ತದೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಂಥ ಅನಾಥ ಬಸ್ಸನ್ನು ಅತ್ತೆ ಜನ್ಮದಲ್ಲಿ ಕಂಡಿರಲಿಲ್ಲ. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ ಪ್ರತಿ ನಿಲ್ದಾಣದಲ್ಲೂ ಬಾಗಿಲು ಮುಚ್ಚಿದ ತಕ್ಷಣ ತಾವೇ ಮೆಲ್ಲಗೆ, ಯಾರಿಗೂ ಕೇಳದ ಹಾಗೆ, "ರೈಟ್" ಅನ್ನತೊಡಗಿದರು. ಅದಾದ ಮೇಲೇ ಬಸ್ಸು ಹೊರಡುತ್ತದೆ ಅಂತ ಅವರಿಗೆ ಸಮಾಧಾನ.

ಅವತ್ತು ನಡುದಾರಿಯಲ್ಲಿ ಚೆಕಿಂಗಿನವರು ಹತ್ತಿದರು. ಅತ್ತೆಗೆ ತವರಿನವರನ್ನು ಕಂಡಷ್ಟು ಖುಷಿ. ಬೆನ್ನು ನೆಟ್ಟಗೆ ಮಾಡಿ ಕೂತು, ಹಿಂದಿನ ಸೀಟಿನ ಒಬ್ಬ ಜೇಬು ತಡಕುವುದನ್ನು ನೋಡಿಯೇ ಇವನ ಹತ್ತಿರ ಟಿಕೆಟ್ ಇಲ್ಲ ಅಂತ ಮನಸ್ಸಿನಲ್ಲೇ ಬರೆದುಕೊಂಡರು. ಚೆಕಿಂಗಿನವರ ಜೊತೆ ನೀಲಿ ಅಂಗಿಯ ಇನ್ನೊಬ್ಬ ಅಧಿಕಾರಿ ಇದ್ದ. ಅವನು ಕೇಳುತ್ತಿದ್ದದ್ದು ಟಿಕೆಟ್ ಅಲ್ಲ, ಗುರುತಿನ ಪತ್ರ. ಅತ್ತೆ ಕೇಳುವ ಮೊದಲೇ ಚೀಲ ಬಿಚ್ಚಿ, ಪ್ಲಾಸ್ಟಿಕ್ ಕವರಿನೊಳಗಿನ ಕವರಿನೊಳಗಿಂದ ಪಾಸ್‌ಪೋರ್ಟು ತೆಗೆದು, ನೋಡಪ್ಪ, ಪ್ರಯಾಣಿಕರು ಅಂದರೆ ಹೀಗಿರಬೇಕು ಎಂಬಂತೆ ಚಾಚಿದರು.

ನೀಲಿ ಅಂಗಿ ಹಾಳೆ ತಿರುವಿದ. ಮತ್ತೆ ಹಿಂದಕ್ಕೆ ತಿರುವಿದ. ಅತ್ತೆಯ ಮುಖ ನೋಡಿದ. ಆ ನೋಟ ಅತ್ತೆಗೆ ಗೊತ್ತು, ತಾವೇ ಎಷ್ಟೋ ಜನರನ್ನು ಹಾಗೆ ನೋಡಿದ್ದರು.

ಅವನು ತನ್ನ ಮೊಬೈಲಿಗೆ ಏನೋ ಹೇಳಿದ. ಮೊಬೈಲು ವಾರ್ತೆ ಓದುವವರ ಗತ್ತಿನಲ್ಲಿ ಕನ್ನಡ ಉದುರಿಸಿತು: "ನಿಮ್ಮ ವಾಸ್ತವ್ಯದ ಅವಧಿಯು ಸಮಾಪ್ತಿಗೊಂಡಿದೆ. ನೀವು ಏಕೆ ನಿರ್ಗಮಿಸಲಿಲ್ಲ?"

ಅಯ್ಯೋ, ಹಾಗಾದರೆ ಮುಂದಕ್ಕೆ ಹಾಕಿಸಿಯೇ ಇರಲಿಲ್ಲವೇ? ಬಸ್ಸಿನ ತುಂಬ ಜನ ನೋಡುತ್ತಿದ್ದಾರೆ. ಹಿಂದಿನ ಸೀಟಿನ ಟಿಕೆಟ್ ಇಲ್ಲದವನೂ ಕತ್ತು ಉದ್ದ ಮಾಡಿ ನೋಡುತ್ತಿದ್ದಾನೆ. ನಾಚಿಕೆಯಿಂದ ಅತ್ತೆಯ ಮಾತು ತಡವರಿಸಿತು.

"ನಾನೇನೋ ಹೊರಡ್ತೀನಿ ಅಂದೆ ಸ್ವಾಮಿ. ಅವ್ರೇ ಬಿಡ್ಲಿಲ್ಲ. ಹೊರಡ್ತೀನಿ ಅಂದಾಗೆಲ್ಲ ಮಕ್ಕಳನ್ನ ತಂದು ಕೈಗೆ ಕೊಟ್ಟುಬಿಡ್ತಾರೆ. ಏನ್ಮಾಡ್ಲಿ?"

ಮೊಬೈಲು ಅದನ್ನು ತನ್ನ ಪಾಂಡಿತ್ಯಕ್ಕೆ ತಕ್ಕ ಹಾಗೆ ಆ ಕಡೆ ದಾಟಿಸಿತು. ಕೇಳುತ್ತಿದ್ದಂತೆ ನೀಲಿ ಅಂಗಿಯ ಗಂಟುಮುಖ ಕರಗಿತು. ಅವನು ಅತ್ತೆಯ ಮುಂದೆ ಮೊಣಕಾಲೂರಿ ಕೂತು ಮೃದುವಾಗಿ ಏನೋ ಹೇಳಿದ.

"ಭಯಪಡಬೇಡಿ," ಅಂದಿತು ಮೊಬೈಲು. "ನೀವು ಈಗ ಸುರಕ್ಷಿತವಾಗಿದ್ದೀರಿ."

ಹಿಂದೆ ಯಾವಾಗ ಅಸುರಕ್ಷಿತವಾಗಿದ್ದೆ ಅಂತ ಅತ್ತೆಗೆ ತಿಳಿಯಲಿಲ್ಲ. ಔಷಧಿಯ ಅಂಗಡಿ ದಾಟಿಹೋಯಿತು ಅನ್ನುವುದಷ್ಟೇ ಅವರ ತಲೆಯಲ್ಲಿತ್ತು.

ಕಚೇರಿಯಲ್ಲಿ ಅವರನ್ನು ಕೂರಿಸಿದ ಕೋಣೆಯಲ್ಲಿ ಕುರ್ಚಿಗಳನ್ನೆಲ್ಲ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಗಿಡ, ಅದರ ಪಕ್ಕ ಮಕ್ಕಳಿಗೆಂದು ಆಟಿಕೆಯ ಬುಟ್ಟಿ, ಬುಟ್ಟಿಯಲ್ಲಿ ಒಂದು ಚಕ್ರ ಕಿತ್ತುಹೋದ ಬಸ್ಸು. ಫೋನು ಮಾಡಿದ ಅರ್ಧ ಗಂಟೆಯಲ್ಲಿ ಪುಟ್ಟಿ ಓಡಿ ಬಂದಳು. ಅವಳ ಹಿಂದೆ ಗ್ರೀಸು ಮೆತ್ತಿದ ಕೆಲಸದ ಬಟ್ಟೆಯಲ್ಲೇ ಅಳಿಯ, ಎರಡೂ ತೋಳಲ್ಲಿ ಎರಡು ಮಕ್ಕಳು. ಮಕ್ಕಳ ಜೊತೆ ಅವನನ್ನು ಹೊರಗೆ ಕೂರಿಸಿ, ವಯಸ್ಸಾದವರ ಜೊತೆ ಒಬ್ಬರು ಇರಲಿ, ಆದರೆ ಬಾಯಿಬಿಡಬಾರದು ಅಂತ ಪುಟ್ಟಿಯನ್ನು ಒಳಗೆ ಬಿಟ್ಟರು. ವಿಚಾರಣೆಗೆ ಬಂದ ಅಧಿಕಾರಿ ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದ ನಡುವಯಸ್ಸಿನ ಹೆಂಗಸು. ಮೇಜಿನ ಮೇಲೆ ಒಂದು ಫೋನಿಟ್ಟಳು. ಅದರೊಳಗಿಂದ, ಎಲ್ಲಿ ಕೂತಿದ್ದಳೋ, ದುಭಾಷಿಯ ದನಿ ಬಂತು.

"ನಮಸ್ಕಾರ ಅಮ್ಮಾ. ಅವ್ರು ಕೇಳಿದ್ದನ್ನ ನಿಮಗೆ, ನೀವು ಹೇಳಿದ್ದನ್ನ ಅವ್ರಿಗೆ ಹಾಗ್ಹಾಗೇ ದಾಟಿಸ್ತೀನಿ."

ಕನ್ನಡ ಕಿವಿಗೆ ಬಿದ್ದದ್ದೇ ಅತ್ತೆಗೆ ಅರ್ಧ ಭಯ ಹೋಯಿತು. "ಊಟ ಆಯ್ತಾಮ್ಮ?" ಅಂದರು.

"ಅಮ್ಮಾ, ಅದನ್ನೂ ದಾಟಿಸ್ಬೇಕಾಗತ್ತೆ," ಅಂದಳು ದುಭಾಷಿ, ನಗು ತಡೆದುಕೊಂಡು. "ಅವ್ರ ಮೊದಲನೇ ಪ್ರಶ್ನೆ. ಆ ಮನೆಯವ್ರು ನಿಮ್ಮನ್ನ ಹೊರಗೆ ಬಿಡ್ತಾ ಇರ್ಲಿಲ್ವಾ?"

"ಬಿಡದೇ ಏನು? ಬಸ್ಸಲ್ಲೇ ಸಿಕ್ಕಿದ್ದೀನಲ್ಲ!"

"ಬಸ್ಸಲ್ಲಿ ನೀವು ಹೇಳಿದ್ದು ಅವ್ರ ಮುಂದಿದೆ. ನಾನು ಹೊರಡ್ತೀನಿ ಅಂದ್ರೂ ಅವ್ರು ಬಿಡುಗಡೆ ಮಾಡಲ್ಲ, ಬಲವಂತದಿಂದ ಮಕ್ಕಳನ್ನ ನೋಡಿಕೊಳ್ಳೋಕೆ ಹಚ್ತಾರೆ ಅಂತ. ನಿಮ್ಮನ್ನ ಕೂಡಿಹಾಕಿ ಕೆಲಸ ಮಾಡಿಸ್ಕೊಂಡ್ರು ಅಂತ ಇವ್ರು ತಿಳ್ಕೊಂಡಿದ್ದಾರೆ ಅಮ್ಮಾ."

ಅತ್ತೆ ಬೆರಳನ್ನು ಮೂಗಿನ ಮೇಲಿಟ್ಟುಕೊಂಡವರು ತೆಗೆಯಲೇ ಇಲ್ಲ. ಹಿಂದೆ ಪುಟ್ಟಿಯ ಮುಖ ಬಿಳಿಚಿಕೊಂಡಿತ್ತು.

"ಅಯ್ಯೋ ಶಿವನೇ! ಬಿಡ್ಲಿಲ್ಲ ಅಂದ್ರೆ ಹಾಗಲ್ಲಮ್ಮ, ನಿಂಗಾದ್ರೂ ಗೊತ್ತಿಲ್ವಾ? ಅದು ಪ್ರೀತಿಗೆ ಹೇಳೋ ಮಾತು. ಇನ್ನೊಂದು ನಾಲ್ಕು ದಿನ ಇದ್ದು ಹೋಗಿ ಅಂದ್ರು, ಅಷ್ಟೇ."

ದುಭಾಷಿ ಆ ಕಡೆ ಸ್ವಲ್ಪ ಹೆಚ್ಚೇ ಮಾತಾಡಿದಳು. ನಮ್ಮಲ್ಲಿ ಹೀಗೆಲ್ಲ ಅನ್ನುತ್ತಾರೆ ಅಂತ ತಿಳಿಸಿಹೇಳುತ್ತಿದ್ದಳು ಅನ್ನಿಸುತ್ತದೆ. ಅಧಿಕಾರಿ ಕೈಯೆತ್ತಿ ಅವಳನ್ನು ತಡೆದು, ಕನ್ನಡಕ ಏರಿಸಿಕೊಂಡು ಚಿಕ್ಕದಾಗಿ ಏನೋ ಕೇಳಿದಳು. ಫೋನಿನ ದನಿ ಇಳಿಯಿತು.

"ವಿವರಣೆ ಬೇಡ, ಮಾತು ಮಾತ್ರ ದಾಟಿಸು ಅಂದ್ರು. ಅಮ್ಮಾ, ಅವ್ರು ಕೇಳ್ತಿರೋದು: ಹಾಗಾದ್ರೆ ಅವಧಿ ಮುಗಿದ ಮೇಲೂ ಇರಿ ಅಂತ ಮನೆಯವ್ರೇ ಹೇಳಿದ್ರು ಅಂತಾಯ್ತಾ? ಯೋಚನೆ ಮಾಡಿ ಉತ್ತರ ಕೊಡಿ ಅಂತಾನೂ ಅವ್ರೇ ಹೇಳಿದ್ದಾರೆ. ಕೂಡಿಹಾಕಿದ್ರೂ ಮನೆಯವ್ರ ತಪ್ಪು. ಇರಿ ಅಂತ ಒತ್ತಾಯ ಮಾಡಿದ್ರೂ ಮನೆಯವ್ರ ತಪ್ಪು. ಎರಡರಲ್ಲಿ ಯಾವ್ದಾದ್ರೂ ಅವ್ರ ಕಾಯಂ ಪತ್ರ ನಿಂತುಹೋಗತ್ತೆ."

ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು. ಯಾವ ಬಾಗಿಲಲ್ಲಿ ಇಳಿದರೂ ಅದೇ ಕೆಸರು. ಅತ್ತೆ ಮೇಜಿನ ಅಂಚನ್ನು ಹಿಡಿದುಕೊಂಡರು. ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಅನ್ನುತ್ತಾರೆ. ಪುಟ್ಟಿಯ ನಾಲಿಗೆ ಅಷ್ಟು ಒಳ್ಳೆಯದಾಗಿರದಿದ್ದರೆ, ಆರನೆಯ ತಿಂಗಳಲ್ಲೇ "ಸರಿ ಅತ್ತೆ, ಟಿಕೆಟ್ ಮಾಡಿಸ್ತೀನಿ" ಅಂದಿದ್ದರೆ, ಇವತ್ತು ಈ ಬೋಲ್ಟು ಹಾಕಿದ ಕುರ್ಚಿಯ ಮೇಲೆ ಯಾರೂ ಕೂರಬೇಕಾಗಿರಲಿಲ್ಲ.

"ನಾನೇ ನನ್ನಿಷ್ಟಕ್ಕೆ ಉಳ್ಕೊಂಡಿದ್ರೆ?" ಅಂತ ಕೇಳಿದರು.

"ಹಾಗಾದ್ರೆ ತಪ್ಪು ನಿಮ್ಮದು ಅಂತಾರೆ. ಈ ವಾರದೊಳಗೆ ದೇಶ ಬಿಡಬೇಕು. ಆಮೇಲೆ ಐದು ವರ್ಷ ಬರೋ ಹಾಗಿಲ್ಲ."

"ಮನೆಯವರಿಗೆ?"

"ಅವ್ರು ಹೊರಡಿ ಅಂತ ನಿಮಗೆ ಹೇಳ್ತಾನೇ ಇದ್ದಿದ್ರೆ, ನೀವೇ ಕೇಳದೇ ಇದ್ದಿದ್ರೆ, ಅವ್ರಿಗೇನೂ ಆಗಲ್ಲ."

ಐದು ವರ್ಷ. ಅಷ್ಟು ಹೊತ್ತಿಗೆ ಸೀಟು, ಸ್ಟ್ಯಾಂಡಿಂಗು ಇಬ್ಬರೂ ಶಾಲೆಯ ಚೀಲ ಹೊರುತ್ತಿರುತ್ತಾರೆ. ಹೆಗಲ ಮೇಲೆ ನಿಲ್ಲಿಸಿಕೊಂಡವಳು ಯಾರೋ ಅಂತ ಮಿಕಿಮಿಕಿ ನೋಡುತ್ತಾರೆ. ಅತ್ತೆಯ ಮೊಣಕಾಲು ಅಲ್ಲಿಯವರೆಗೆ ವಿಮಾನ ಹತ್ತಲು ಒಪ್ಪುತ್ತದೋ ಇಲ್ಲವೋ. ಗಾಜಿನ ಆಚೆ ಅಳಿಯನ ಹೆಗಲ ಮೇಲೆ ಹುಡುಗ ಮೂಗು ಸೋರಿಸಿಕೊಂಡು ನೆಟ್ಟಗೆ ನಿಂತಿದ್ದ, ಅತ್ತೆಯನ್ನು ಕಂಡು ಎರಡೂ ಕೈ ಚಾಚಿದ. ಅವರು ಆ ಕಡೆಯಿಂದ ಮುಖ ತಿರುಗಿಸಿ ಕೂತರು.

"ಬರ್ಕೊಳ್ಳಮ್ಮಾ," ಅಂದರು. "ನನ್ನ ಇರು ಅಂತ ಯಾರೂ ಹೇಳಿಲ್ಲ."

ದುಭಾಷಿ ದಾಟಿಸುವ ಮೊದಲೇ ಅತ್ತೆ ಮುಂದುವರಿಸಿದರು.

"ಇರು ಅನ್ನೋದಿರ್ಲಿ, ದಿನಾ ಬೆಳಗಾದ್ರೆ ಯಾವಾಗ ಹೊರಡ್ತೀರಿ, ಯಾವಾಗ ಹೊರಡ್ತೀರಿ. ಇದೇ ಸುಪ್ರಭಾತ. ನಾನೇ ಭಂಡತನ ಮಾಡ್ಕೊಂಡು ಕೂತಿದ್ದೆ. ಕೊನೆಕೊನೆಗೆ ಕಾಫಿನೂ ಅರ್ಧ ಲೋಟ ಕೊಡೋಕೆ ಶುರು ಮಾಡಿದ್ರು, ಹೋಗ್ಲಿ ಮುದುಕಿ ಅಂತ. ಆದ್ರೂ ನಾನು ಜಗ್ಗಲಿಲ್ಲ."

"ಅತ್ತೇ!" ಪುಟ್ಟಿ ಚೀರಿದಳು. ಅರ್ಧ ಲೋಟ ಕಾಫಿಯ ಆಪಾದನೆಯನ್ನು ಸಹಿಸುವ ಹೆಣ್ಣುಮಗಳು ಯಾವ ದೇಶದಲ್ಲಿದ್ದಾಳೆ? ಅವಳು ಎದ್ದು ನಿಂತಿದ್ದಳು, ಬಾಯಲ್ಲಿ ನಿಜ ಸಿದ್ಧವಾಗಿತ್ತು.

ಅತ್ತೆ ತಿರುಗಿ ನೋಡಲೂ ಇಲ್ಲ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಡ್ರೈವರಿನವರೆಗೆ ಕೇಳಿಸುತ್ತಿದ್ದ ಹಳೆಯ ಗಂಟಲನ್ನು ತೆಗೆದರು. "ಕೂತ್ಕೋ! ಗಾಡಿ ಓಡ್ತಿರುವಾಗ ಎದ್ದು ನಿಲ್ಲಬಾರದು!"

ಪುಟ್ಟಿಯ ಕಾಲು ತಾನಾಗಿ ಮಡಚಿಕೊಂಡಿತು. ಅಧಿಕಾರಿಯೂ ಕುರ್ಚಿಯಲ್ಲಿ ಸ್ವಲ್ಪ ಸರಿಯಾಗಿ ಕೂತಳು.

"ಅಮ್ಮಾ..." ದುಭಾಷಿಯ ದನಿ ನಡುಗುತ್ತಿತ್ತು. ಅವಳಿಗೂ ಎಲ್ಲೋ ಒಬ್ಬ ಅತ್ತೆ ಇದ್ದಿರಬೇಕು. ಮನೆಯವರ ಬಗ್ಗೆ ಇದಕ್ಕಿಂತ ಕೀಳು ಮಾತನ್ನು ನೆಂಟರು ಆಡಲಾರರು ಅಂತ ಆ ಕೋಣೆಯಲ್ಲಿ ತಿಳಿದಿದ್ದವರು ಮೂವರೇ, ಅವರಲ್ಲೊಬ್ಬಳು ಫೋನಿನೊಳಗಿದ್ದಳು. "ಹೀಗೇ ಹೇಳ್ಬಿಡ್ಲಾ?"

"ಹೀಗೇ ಹೇಳು ತಾಯಿ. ಅರ್ಧ ಲೋಟಾನೂ ಬಿಡಬೇಡ."

ಅವಳು ಹೇಳಿದಳು. ಅಧಿಕಾರಿ ಪೂರ್ತಿ ಕೇಳಿ ಪೆನ್ನು ಕೆಳಗಿಟ್ಟಳು. ಬಸ್ಸಿನಲ್ಲಿ ಒಂದು ಮಾತು, ಇಲ್ಲಿ ಒಂದು ಮಾತು, ಯಾವುದನ್ನು ನಂಬಲಿ ಅಂತ ಅವಳ ಪ್ರಶ್ನೆ.

"ಬಸ್ಸಲ್ಲಿ ಸಿಕ್ಕಿಬಿದ್ದೋರು ಯಾರು ನಿಜ ಹೇಳ್ತಾರೆ?" ಅಂದರು ಅತ್ತೆ. "ನಾನು ಕಂಡಕ್ಟರು. ನನ್ನ ಸರ್ವಿಸೆಲ್ಲ ಅದನ್ನೇ ನೋಡಿದ್ದು. ಟಿಕೆಟ್ ಇಲ್ಲ ಅಂತ ಹಿಡಿದ್ರೆ ಸಾಕು, ಗಂಡ ತಗೊಂಡಿದ್ದಾರೆ, ಫ್ರೆಂಡ್ ಹತ್ರ ಇದೆ, ಅವ್ರೇ ಬೇಡ ಅಂದ್ರು. ಸಿಕ್ಕಿದೋರ ಮೇಲೆ ಹಾಕೋದೇ. ನಾನೂ ಹಾಗೇ ಪಾಪ ಇವಳ ಮೇಲೆ ಹಾಕ್ದೆ."

ಅಧಿಕಾರಿಯ ತುಟಿಯ ಒಂದು ತುದಿ ಅಲುಗಿತು. ಅವಳದೂ ಅದೇ ಕಸುಬಲ್ಲವೇ, ದಿನಾ ಕೇಳುತ್ತಿದ್ದದ್ದೂ ಅದೇ ಕಥೆ. ಆಮೇಲೆ ಅವಳು ಪುಟ್ಟಿಯ ಕಡೆ ನೋಡಿದಳು. ಪುಟ್ಟಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ವಯಸ್ಸಾದವರಿಗೆ ಅರ್ಧ ಲೋಟ ಕಾಫಿ ಕೊಟ್ಟದ್ದು ಬಯಲಾದರೆ ಯಾರಿಗಾದರೂ ಅಳು ಬರುತ್ತದೆ ಅಂದುಕೊಂಡಳೋ ಏನೋ, ಅಧಿಕಾರಿ ಅವಳನ್ನು ಸ್ವಲ್ಪ ತಿರಸ್ಕಾರದಿಂದಲೇ ನೋಡಿ, ಬರೆಯುವುದನ್ನು ಬರೆದು ಮುಗಿಸಿದಳು. ಅತ್ತೆ ಈ ವಾರದೊಳಗೆ ಹೊರಡಬೇಕು, ಐದು ವರ್ಷ ಬರಕೂಡದು. ಮನೆಯವರ ಮೇಲೆ ಏನೂ ಇಲ್ಲ. ಬೀಸೋ ದೊಣ್ಣೆ ತಪ್ಪಿತ್ತು, ತಪ್ಪಬೇಕಾದವರಿಗೆ.

ಮನೆಗೆ ಬಂದ ಮೇಲೆ ಪುಟ್ಟಿ ಮಾತು ಬಿಟ್ಟಳು. ಅತ್ತೆ ತನ್ನನ್ನು ಉಳಿಸಿದ್ದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ತಲೆಗೆ ಗೊತ್ತಾಗಿತ್ತು. ಹೊಟ್ಟೆಗೆ ಗೊತ್ತಾಗಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವಳು ಕಾಫಿಯನ್ನು ಲೋಟದ ಕಂಠ ಮೀರಿ ಚೆಲ್ಲುವ ಹಾಗೆ ತುಂಬಿ, ಟಣ್ಣನೆ ಅತ್ತೆಯ ಮುಂದೆ ಇಡುತ್ತಿದ್ದಳು. ಅತ್ತೆ ಮೇಜು ಒರೆಸಿಕೊಂಡು ಕುಡಿಯುತ್ತಿದ್ದರು. ಮೂರನೆಯ ದಿನ ಅವಳೇ ಬಂದು ಪಕ್ಕದಲ್ಲಿ ಕೂತಳು.

"ಬೇರೆ ಏನಾದ್ರೂ ಹೇಳಬಹುದಿತ್ತಲ್ಲ ಅತ್ತೆ. ಅರ್ಧ ಲೋಟ ಅಂತ ಯಾಕೆ ಹೇಳಿದ್ರಿ?"

"ಸುಳ್ಳು ಹೇಳೋದಾದ್ರೆ ಅಂಗಾಂಗ ಸಮೇತ ಹೇಳಬೇಕು ಕಣೇ. ಬರೀ ಹೊರಡಿ ಅಂದ್ರು ಅಂದ್ರೆ ಯಾರು ನಂಬ್ತಾರೆ?"

"ಆ ಸರ್ಕಾರದ ಕಾಗದದಲ್ಲಿ ಅದು ಯಾವತ್ತೂ ಇರತ್ತಲ್ಲ. ನಮ್ಮಪ್ಪ ಓದಿದ್ರೆ?"

"ನಿಮ್ಮಪ್ಪನಿಗೆ ನಾನು ಬರೆಯೋ ಕನ್ನಡಾನೇ ಓದೋಕೆ ಬರಲ್ಲ, ಆ ಭಾಷೆ ಓದ್ತಾನಂತೆ!"

ಪುಟ್ಟಿ ನಕ್ಕಳು, ನಗುತ್ತಾ ನಗುತ್ತಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅಳಿಯ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಅಂತ ಕೇಳುವುದು ಹೇಗೆಂದು ತಿಳಿಯದೆ, ಮತ್ತೆ ಮೆಟ್ಟಿಲಿಳಿದು ಹೋದ.

ಕೊನೆಯ ದಿನ ಎಲ್ಲರೂ ವಿಮಾನ ನಿಲ್ದಾಣಕ್ಕೆ ಹೋದರು. ಕಳಿಸಲು ಬಂದವರು ಒಂದು ಗಾಜಿನ ಬಾಗಿಲಿನ ತನಕ ಮಾತ್ರ ಬರಬಹುದು. ಅಲ್ಲಿ ಬಂದು ಅತ್ತೆ ನಿಂತರು. ಸೀಟನ್ನು ಮುದ್ದಿಸಿದರು, ಅವಳು ಗಂಭೀರವಾಗಿ ಮುದ್ದಿಸಿಕೊಂಡಳು. ಸ್ಟ್ಯಾಂಡಿಂಗನ್ನು ಎತ್ತಿಕೊಂಡರು. ಅವನು ಹೆಗಲ ಮೇಲೆ ನಿಂತು ಅವರ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡ. ಅತ್ತೆ ಹೊರಡಲಿಲ್ಲ. ಅಲ್ಲಿನ ಕಾವಲಿನವನು ಒಮ್ಮೆ ಗಡಿಯಾರ ತೋರಿಸಿದ. ಅತ್ತೆ ಹೊರಡಲಿಲ್ಲ. ಜೀವಮಾನವಿಡೀ ಊರಿನ ಜನರನ್ನೆಲ್ಲ ಇಳಿರಿ ಇಳಿರಿ ಅಂತ ಇಳಿಸಿದವರಿಗೆ ಆ ಹೊತ್ತಿನಲ್ಲಿ ತಮ್ಮ ಎರಡು ಕಾಲನ್ನು ಎತ್ತಿಡುವುದು ಆಗಲಿಲ್ಲ. ಮೈಕಿನಲ್ಲಿ ಕೊನೆಯ ಕರೆ ಬಂತು. ಅಳಿಯ ಕೆಮ್ಮಿದ. ಕೆಮ್ಮಿ, ಚಾವಣಿ ನೋಡಿದ. ಈ ವಿಮಾನ ತಪ್ಪಿದರೆ ಕೊಟ್ಟ ವಾರ ಮುಗಿಯುತ್ತದೆ, ಅಲ್ಲಿಂದಾಚೆ ಅತ್ತೆಯನ್ನು ಹಿಡಿದು ಕಳಿಸುತ್ತಾರೆ, ಬರೆದು ಮುಚ್ಚಿದ ಕಡತ ಮತ್ತೆ ತೆರೆಯುತ್ತದೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರ ಬಾಯಿಂದಲೂ ಆ ಮಾತು ಬರಲೊಲ್ಲದು.

ಪುಟ್ಟಿ ಮುಂದೆ ಬಂದಳು. ಹುಡುಗನ ಮುಷ್ಟಿಯನ್ನು ಒಂದೊಂದಾಗಿ ಬಿಡಿಸಿ ಅವನನ್ನು ಎತ್ತಿಕೊಂಡಳು. ಅವನು ಕಿರುಚಿದ.

"ಹೊರಡಿ ಅತ್ತೆ," ಅಂದಳು.

ಅತ್ತೆ ಕದಲಲಿಲ್ಲ. ಪುಟ್ಟಿ ಕಿರುಚುವ ಮಗುವಿಗಿಂತ ಜೋರಾಗಿ, ಅಕ್ಕಪಕ್ಕದವರು ತಿರುಗಿ ನೋಡುವ ಹಾಗೆ ಕೂಗಿದಳು.

"ಹೊರಡಿ ಅಂತ ಹೇಳ್ತಿಲ್ವಾ! ಹೋಗಿ ಇಲ್ಲಿಂದ!"

ಅಳಿಯ ತತ್ತರಿಸಿಹೋದ. ಅತ್ತೆ ಮಾತ್ರ ಪುಟ್ಟಿಯ ಮುಖವನ್ನೇ ನೋಡಿದರು. ಕಣ್ಣು ಕೆಂಪಗಾಗಿ, ಕೆನ್ನೆ ಒದ್ದೆಯಾಗಿ, ತುಟಿ ಬಿಗಿಹಿಡಿದು ನಿಂತಿದ್ದಳು ಹುಡುಗಿ. ಆ ಮನೆಯಲ್ಲಿ ಕಳೆದ ಅಷ್ಟೂ ದಿನಗಳಲ್ಲಿ ಇದಕ್ಕಿಂತ ಪ್ರೀತಿಯ ಮಾತನ್ನು ಯಾರೂ ತಮಗೆ ಹೇಳಿರಲಿಲ್ಲ ಅಂತ ಅತ್ತೆಗೆ ಅನ್ನಿಸಿತು. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಚೀಲವನ್ನು ಹೆಗಲಿಗೇರಿಸಿದರು.

"ಇಷ್ಟು ಚೆನ್ನಾಗಿ ಹೇಳೋಕೆ ಬರತ್ತೆ ಅಂತ ಗೊತ್ತಿದ್ದಿದ್ರೆ," ಅಂದರು, "ಆವಾಗ್ಲೇ ಹೇಳಿಸ್ಕೊಳ್ತಿದ್ನಲ್ಲೇ. ಮುಂದಿನ ವರ್ಷ ಮತ್ತೆ ಬರಬಹುದಿತ್ತು."

ಹಾಗಂದು ಗಾಜಿನ ಬಾಗಿಲು ದಾಟಿ ಒಳಗೆ ಹೋದರು.